ಹೆಚ್ಚಿದ ಬಳೆಗಳು

ಜೋಗುಪಾಳ್ಯದ ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ, ಬಾಗಿಲು ಮಾತ್ರ ಎರಡಿದ್ದವು. ಒಂದು ಗಲ್ಲಿಗೆ ತೆರೆಯುತ್ತಿತ್ತು, ಇನ್ನೊಂದು ಮನೆಯೊಡತಿಯ ನಡುಮನೆಗೆ. ಆ ಎರಡನೆಯದಕ್ಕೆ ಆಕೆ ತನ್ನ ಕಡೆಯಿಂದ ಚಿಲಕ ಹಾಕಿ, ಅಕ್ಕಿಯ ಡ್ರಮ್ಮನ್ನು ಅಡ್ಡ ಇಟ್ಟುಬಿಟ್ಟಿದ್ದಳು. ಹಾಗಾಗಿ ನಾವು ಅದನ್ನು ಬಾಗಿಲೆಂದು ತಿಳಿಯದೆ ಗೋಡೆಯೆಂದೇ ತಿಳಿದು, ಮೊಳೆ ಹೊಡೆದು ಬಟ್ಟೆ ತೂಗುಹಾಕಿದ್ದೆವು. ಸಂಜೆ ಆಕೆ ಸಾರಿಗೆ ಒಗ್ಗರಣೆ ಕೊಟ್ಟರೆ ನಮ್ಮ ಬಟ್ಟೆಗೆಲ್ಲ ಅದರ ವಾಸನೆ ಹತ್ತುತ್ತಿತ್ತು. ಒಂದು ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವ್, ಅದರ ಪಕ್ಕ ಬಚ್ಚಲಿನಷ್ಟೇ ಅಗಲದ ಮೋರಿಕಲ್ಲು, ಅದರಾಚೆ ನನ್ನ ಮಗಳು, ಅಂದರೆ ನಿಮ್ಮ ಅಮ್ಮ, ಓದಲು ಕೂರುವ ಜಾಗ. ನಿಮ್ಮ ಅಮ್ಮ ಬೆಳೆದದ್ದು ಅಲ್ಲಿ. ಆ ಮನೆ ಹೇಗಿತ್ತೆಂದು ಅವಳನ್ನು ಕೇಳಿದರೆ ಕತ್ತಲೆ ಇತ್ತು ಅನ್ನುತ್ತಾಳೆ. ಅದು ನಿಜವೇ. ಆದರೆ ನನ್ನನ್ನು ಕೇಳಿದರೆ ಬೇರೆ ಹೇಳುತ್ತೇನೆ. ನಾನು ಹುಟ್ಟಿದ್ದು ಕಲಬುರಗಿ ಕಡೆಯ ಊರಿನಲ್ಲಿ, ಓದಿದ್ದು ಅಲ್ಲಿಯ ಏಳನೆಯ ಇಯತ್ತೆಯವರೆಗೆ, ಮದುವೆಯಾದದ್ದೂ ಅಲ್ಲೇ. ದೊಡ್ಡವಳಾದದ್ದು ಮಾತ್ರ ಆ ಕೋಣೆಯಲ್ಲಿ, ನಿಮ್ಮ ಅಮ್ಮನ ಜೊತೆಜೊತೆಗೇ.

ನಿಮ್ಮ ಅಜ್ಜ ಹಲಸೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಕಾಮಾಲೆಯಾಗಿ, ಊರಿಗೆ ಕರೆದುಕೊಂಡು ಹೋಗಿ ನಾಟಿ ಔಷಧಿ ಕೊಡಿಸುವಷ್ಟರಲ್ಲಿ ತೀರಿಕೊಂಡರು. ದಿನವಾರ ಮುಗಿದ ಮೇಲೆ ನನ್ನ ಅಣ್ಣ ನಾವಿಬ್ಬರೂ ತನ್ನ ಮನೆಯಲ್ಲೇ ಇರಲಿ ಎಂದ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ನಿಮ್ಮ ಅಮ್ಮನಿಗೆ ಆಗಷ್ಟೇ ಬೆಂಗಳೂರಿನ ಶಾಲೆ ಹಿಡಿಸಿತ್ತು. ಊರಿನ ಶಾಲೆಯಲ್ಲಿ ಹೆಣ್ಣುಮಕ್ಕಳು ಏಳನೆಯದಕ್ಕೆ ನಿಲ್ಲುತ್ತಿದ್ದರು, ನನ್ನ ಹಾಗೆ. ನಾನು ಯಾರ ಮುಂದೆಯೂ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅಂದು ಮಾತ್ರ ಅತ್ತಿಗೆಯ ಮೂಲಕ ಹೇಳಿ ಕಳಿಸಿದೆ, ಬೆಂಗಳೂರಿಗೆ ಹೋಗುತ್ತೇನೆಂದು. ಅಣ್ಣ ಬಾಗಿಲಲ್ಲಿ ನಿಂತು ಅಂದ:

"ಸಂಕ್ರಾಂತಿ ತನಾ ನೋಡು. ಕಾಯಂ ಕೆಲಸ ಸಿಕ್ಕಿಲ್ಲಂದ್ರ ನಾ ಬಂದು ಸಾಮಾನು ಕಟ್ಟಿಸ್ಕೊಂಡು ಬರ್ತೀನಿ. ಆಗ ಒಲ್ಲೆ ಅನ್ಬಾರ್ದು ನೋಡವ್ವಾ."

ಒಪ್ಪಿಕೊಂಡು ಬಂದೆ. ನಮ್ಮ ಗಲ್ಲಿಯಲ್ಲೇ ಇದ್ದ ಸೆಲ್ವಿ ಎಂಬಾಕೆ ಶಿವಾಜಿನಗರದ ಒಂದು ಬಳೆ ಅಂಗಡಿಯಲ್ಲಿದ್ದಳು. ಶ್ರಾವಣ ಬಂತೆಂದರೆ ವರ್ಷ ಮುಗಿಯುವ ತನಕ ಅಲ್ಲಿ ಹೆಚ್ಚಿನ ಜನ ಬೇಕಾಗುತ್ತಿತ್ತು. ಅವಳೇ ನನ್ನನ್ನು ಕರೆದುಕೊಂಡು ಹೋಗಿ ಮಾಲೀಕರ ಮುಂದೆ ನಿಲ್ಲಿಸಿದಳು. ಮಾಲೀಕರ ಹೆಸರು ಮುನೀರ್ ಸಾಹೇಬರು. ಗಲ್ಲಾದ ಹಿಂದೆ ಅವರು ಕೂರುತ್ತಿದ್ದರು. ಅವರ ಹಿಂದೆ, ಗೋಡೆಗೆ ಒರಗಿಸಿದ ಒಂದು ಕುರ್ಚಿಯಲ್ಲಿ ಅವರ ತಾಯಿ. ಎಲ್ಲರೂ ಅವರನ್ನು ಬಡೀಮಾ ಅನ್ನುತ್ತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ದಿನವಿಡೀ ಅಡಕೆ ಕತ್ತರಿಸುತ್ತ ಅಂಗಡಿಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಸಾಹೇಬರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಅಂಗಡಿಯ ಹೆಂಗಸರೆಲ್ಲ ಹೊಸ ನಮೂನೆಯ ಬಳೆಗಳನ್ನು ತಮ್ಮ ಕೈಗೇ ಮೊಣಕೈವರೆಗೆ ಹಾಕಿಕೊಂಡಿರುತ್ತಿದ್ದರು. ಗಿರಾಕಿಗೆ ತೋರಿಸಲು ಅದೇ ಸುಲಭ. ನನ್ನ ಕೈ ಬರಿದಾಗಿತ್ತು. ಯಾಕೆ ಎಂದು ಅವರು ಕೇಳಲಿಲ್ಲ.

"ಬರೀ ಕೈ ಇಟ್ಕೊಂಡು ಮುಂದೆ ಕೂತ್ರೆ ಗಿರಾಕಿ ಏನಂತಾರೆ? ಈಯಮ್ಮ ಬಾಕ್ಸ್ ಕಡೆ ಇರ್ಲಿ. ಹಬ್ಬ ಮುಗಿಯೋ ತನಕ."

ಅಂಗಡಿಯಲ್ಲಿ ಎರಡು ಕಡೆಗಳಿದ್ದವು. ಮುಂದೆ ಕೂತು ಬಳೆ ತೊಡಿಸುವುದು ಕೈ ಕಡೆ. ಹಿಂದೆ ಅಟ್ಟದ ಮೇಲಿಂದ ಡಬ್ಬಿ ಇಳಿಸಿಕೊಡುವುದು ಬಾಕ್ಸ್ ಕಡೆ. ಕೈ ಕಡೆಯವರು ವರ್ಷಪೂರ್ತಿ ಇರುತ್ತಿದ್ದರು, ಬಾಕ್ಸ್ ಕಡೆಯವರು ಹಬ್ಬ ಮುಗಿದರೆ ಮನೆಗೆ. ಮೊದಲ ದಿನವೇ ಇದು ನನಗೆ ತಿಳಿಯಿತು. ಬೇಸರವೇನೂ ಆಗಲಿಲ್ಲ. ಏಣಿಯ ಮೇಲೆ ನಿಂತರೆ ಯಾರ ಜೊತೆಗೂ ಮಾತಾಡುವ ಹಾಗಿರಲಿಲ್ಲ, ನನಗೂ ಅದೇ ಬೇಕಾಗಿತ್ತು.

ಏಣಿಯ ಮೇಲಿಂದ ನಾನು ಜನ ಖರ್ಚು ಮಾಡುವುದನ್ನು ನೋಡಿದೆ. ಊರಿನಲ್ಲಿ ನಾನು ಕಂಡಿದ್ದು ವಾರದ ಸಂತೆ. ಅಲ್ಲಿ ಜನ ಬೇಕಾದ್ದನ್ನು ಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಹಬ್ಬದ ಮುಂದಿನ ವಾರ ಬಂದವರಿಗೆ ಏನು ಬೇಕೆಂದು ಅವರಿಗೇ ತಿಳಿದಿರುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಬಂದವರು ಬಾಗಿನದ ಬಳೆಗಳನ್ನು ನೋಡದೆಯೇ ಕಟ್ಟಿಸಿಕೊಳ್ಳುತ್ತಿದ್ದರು, ಆಮೇಲೆ ತಮ್ಮ ಕೈಗೆ ಆರಿಸಲು ಮಧ್ಯಾಹ್ನವೆಲ್ಲ ಕೂರುತ್ತಿದ್ದರು. ಬಾಗಿನದ ಬಳೆ ಯಾರೂ ತೊಡುವುದಿಲ್ಲ ಎನ್ನುವುದು ಕೊಡುವವರಿಗೂ ತಿಳಿದಿತ್ತು, ತೆಗೆದುಕೊಳ್ಳುವವರಿಗೂ ತಿಳಿದಿತ್ತು. ದೀಪಾವಳಿಗೆ ಗಂಡಸರು ಒಂಟಿಯಾಗಿ ಬರುತ್ತಿದ್ದರು. ಹೆಂಡತಿಯ ಕೈ ಅಳತೆ ಕೇಳಿದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಒಂದು ಸುತ್ತು ತೋರಿಸುವರು. ಮತ್ತೊಮ್ಮೆ ಕೇಳಿದರೆ ಎರಡೂ ಕೈ ಸೇರಿಸಿ ಇನ್ನೂ ದೊಡ್ಡದು ಮಾಡುವರು.

"ಅಣ್ಣಾ, ಅದು ಕೈಯಾ ಕುತ್ತಿಗೆಯಾ?" ಅನ್ನುತ್ತಿದ್ದಳು ಸೆಲ್ವಿ.

ಆ ವರ್ಷಗಳಲ್ಲಿ ರಂಜಾನೂ ಕ್ರಿಸ್‌ಮಸ್ಸೂ ಒಂದೇ ತಿಂಗಳಲ್ಲಿ ಬೀಳುತ್ತಿದ್ದವು. ಹಗಲು ಫ್ರೇಜರ್ ಟೌನಿನ ಕಡೆಯ ಕ್ರೈಸ್ತ ಹೆಂಗಸರು ಹೊಸ ಬಟ್ಟೆಯ ಚೂರೊಂದನ್ನು ಪರ್ಸಿನಿಂದ ತೆಗೆದು, ಬಾಗಿಲ ಬೆಳಕಿಗೆ ಹಿಡಿದು ಬಣ್ಣ ಹೊಂದಿಸುತ್ತಿದ್ದರು. ಸಂಜೆ ಉಪವಾಸ ಬಿಟ್ಟ ಮೇಲೆ ಮುಸ್ಲಿಮರ ಮನೆಗಳಿಂದ ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ ಎಲ್ಲರೂ ಬರುತ್ತಿದ್ದರು. ನಾನು ನೋಡುತ್ತ ನೋಡುತ್ತ ಕಂಡುಕೊಂಡದ್ದು ಇಷ್ಟು. ಇದ್ದವರು ಬೇಡ ಅನ್ನಲು ಹೊತ್ತು ತೆಗೆದುಕೊಳ್ಳುತ್ತಾರೆ, ಇಲ್ಲದವರು ಬೇಕು ಅನ್ನಲು. ತನ್ನ ಬಳೆಗೆ ಚೌಕಾಸಿ ಮಾಡಿ ಮಾಡಿ ಸಾಹೇಬರ ತಲೆ ತಿನ್ನುವ ಹೆಂಗಸು ಮಗಳ ಬಳೆಗೆ ಕೇಳಿದಷ್ಟು ಕೊಟ್ಟು ಎದ್ದುಬಿಡುತ್ತಾಳೆ. ಇನ್ನು ಕೆಲವರು ದುಡ್ಡು ಕೊಡುವ ಮೊದಲೇ ಪಕ್ಕದವಳಿಗೆ "ಮನೇಲಿ ಅರ್ಧ ರೇಟ್ ಹೇಳ್ತೀನಿ ಕಣೇ, ನೀನೂ ಹಾಗೇ ಹೇಳು" ಎಂದು ಮಾತು ತೆಗೆದುಕೊಳ್ಳುವರು. ಇವನ್ನೆಲ್ಲ ಸಂಜೆ ಅನ್ನ ಬಡಿಸುತ್ತ ನಿಮ್ಮ ಅಮ್ಮನಿಗೆ ಹೇಳುತ್ತಿದ್ದೆ. ಆ ಕೋಣೆಯಲ್ಲಿ ನಾನು ಮಾತು ಕಲಿತದ್ದು ಹಾಗೆ, ಕೇಳುವವಳು ಒಬ್ಬಳೇ ಇದ್ದುದರಿಂದ.

ಆದರೆ ಮಾತಿನ ವಿಷಯಕ್ಕೇ ನಮ್ಮಿಬ್ಬರಿಗೆ ಜಗಳವೂ ಆಗುತ್ತಿತ್ತು. ನಮ್ಮ ಕಡೆ ಕೆಲವು ಮಾತುಗಳನ್ನು ಬಾಯಿಂದ ಆಡುವುದಿಲ್ಲ. ಕುಂಕುಮ ಚೆಲ್ಲಿದರೆ ಚೆಲ್ಲಿತು ಅನ್ನುವುದಿಲ್ಲ, ಕುಂಕುಮ ಹೆಚ್ಚಿತು ಅನ್ನುತ್ತೇವೆ. ತಾಳಿಯ ದಾರ ಹರಿದರೂ ತಾಳಿ ಹೆಚ್ಚಿತು. ಬಳೆಗೆ ಏನಾದರೂ ಆಗಿ ಚೂರಾದರೆ ಬಳೆ ಹೆಚ್ಚಿತು. ಕಡಿಮೆಯಾದದ್ದನ್ನು ಹೆಚ್ಚಾಯಿತು ಅನ್ನುವುದು ನಮಗೆ ರೂಢಿ. ಆ ಇನ್ನೊಂದು ಮಾತನ್ನು, ನೀವೆಲ್ಲ ಸಲೀಸಾಗಿ ಆಡುವ ಮಾತನ್ನು, ಬಳೆಯ ಬಗ್ಗೆ ನನಗೆ ಯಾರಾದರೂ ಹೇಳಿದ್ದು ನಿಮ್ಮ ಅಜ್ಜ ತೀರಿಕೊಂಡ ದಿನ ಮಾತ್ರ, ಹೆಂಗಸರು ನನ್ನ ಎರಡೂ ಕೈ ಹಿಡಿದಾಗ. ಅಂದು ಯಾರೂ ಮಾತನ್ನು ಬದಲಿಸಲಿಲ್ಲ. ನನ್ನ ಮಾತಾಗಿ ಅದನ್ನು ಇಲ್ಲಿಯೂ ಬರೆಯುವುದಿಲ್ಲ, ಬೇರೆಯವರು ಆಡಿದ್ದನ್ನು ಮಾತ್ರ ಹಾಗೇ ಬರೆಯುತ್ತೇನೆ. ನಿಮ್ಮ ಅಮ್ಮ ಒಮ್ಮೆ ಶಾಲೆಯಿಂದ ಬಂದು ಕೈ ಚಾಚಿ "ಅಮ್ಮಾ, ಬಳೆ ಒಡೆದೋಯ್ತು" ಎಂದಾಗ ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ಅವಳು ನನ್ನ ಕೈ ಕಿತ್ತುಹಾಕಿದಳು.

"ಇಲ್ಲಿ ಎಲ್ರೂ ಹಂಗೇ ಅಂತಾರೆ! ನೀನು ಹೆಚ್ಚ್ಯಾವ ಹೆಚ್ಚ್ಯಾವ ಅಂದ್ರೆ ನನ್ ಫ್ರೆಂಡ್ಸ್ ನಗ್ತಾರೆ. ಸರಿಯಾಗಿ ಮಾತಾಡೋದ್ ಕಲ್ತ್ಕೋ."

ಅಂದು ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಉಂಡೆವು.

ರಂಜಾನಿನ ಎರಡನೆಯ ವಾರ. ಫ್ರೇಜರ್ ಟೌನಿನ ಒಬ್ಬ ಬೇಗಂ ಮಗಳ ಮದುವೆಗೆಂದು ಹಸಿರು ಗಾಜಿನ ಮೇಲೆ ಬಂಗಾರದ ಗೆರೆ ಎಳೆದ ಬಳೆಗಳನ್ನು ಹೇಳಿಟ್ಟು ಹೋಗಿದ್ದರು. ಅವು ಫಿರೋಜಾಬಾದಿನಿಂದ ಬಂದು ಅಟ್ಟದ ಮೇಲೆ ದೊಡ್ಡ ಡಬ್ಬದಲ್ಲಿದ್ದವು. ಅದೇ ಬಳೆಗಳ ಎರಡು ಸಣ್ಣ ಡಬ್ಬಿ ಕೆಳಗೆ ಗಾಜಿನ ಕಪಾಟಿನಲ್ಲೂ ಇದ್ದವು. ಒಂದು ಬೆಳಿಗ್ಗೆ ಅಟ್ಟದ ಹಲಗೆಯ ಒಂದು ಕೊನೆ ಮೊಳೆಯ ಸಮೇತ ಜಾರಿತು. ನಾನು ಏಣಿಯಿಂದ ಒಂದು ಕೈಯಲ್ಲಿ ಹಿಡಿಯಲು ಹೋದೆ. ಆ ದೊಡ್ಡ ಡಬ್ಬ ನನ್ನ ಭುಜ ಸವರಿಕೊಂಡು ಕೆಳಗೆ ಹೋಯಿತು. ಬಡೀಮಾ ಇನ್ನೂ ಅಂಗಡಿಗೆ ಬಂದಿರಲಿಲ್ಲ, ಹೊರಗೆ ರಸ್ತೆಯಲ್ಲಿ ಗಾಡಿಗಳ ಗದ್ದಲ. ಯಾರಿಗೂ ಕೇಳಿಸಲಿಲ್ಲ. ಡಬ್ಬ ತೆರೆದು ನೋಡಿದರೆ ಒಂದೂ ಉಳಿದಿರಲಿಲ್ಲ. ನಾನು ತಡಮಾಡದೆ ಗಲ್ಲಾದ ಬಳಿ ಹೋದೆ. ಸಾಹೇಬರು ಚಿಲ್ಲರೆ ಕೊಡುವುದರಲ್ಲಿದ್ದರು.

"ಸಾಹೇಬ್ರ, ಮ್ಯಾಲಿನ ಹಸಿರು ಬಳಿ ಹೆಚ್ಚ್ಯಾವ್ರಿ."

"ಹೆಚ್ಚಿದ್ರೆ ಒಳ್ಳೇದೇ ಅಲ್ವಾ?" ಅವರು ತಲೆ ಎತ್ತಲಿಲ್ಲ. "ಇರ್ಲಿ ಬಿಡಮ್ಮಾ."

ನಾನು ಬೆರಗಾಗಿ ನಿಂತೆ. ಇಷ್ಟು ದೊಡ್ಡ ನಷ್ಟವನ್ನು ಒಳ್ಳೆಯದೇ ಅನ್ನುವ ಮನುಷ್ಯನನ್ನು ನಾನು ಎಂದೂ ಕಂಡಿರಲಿಲ್ಲ. ಉಪವಾಸದ ತಿಂಗಳು, ಮನಸ್ಸು ಹಾಗೆ ಹಗುರವಾಗುತ್ತದೇನೋ ಅಂದುಕೊಂಡೆ. ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ಹಿಂದೆ ಇಟ್ಟೆ. ಸಂಜೆ ನಿಮ್ಮ ಅಮ್ಮನಿಗೂ ಅವರ ದೊಡ್ಡಗುಣವನ್ನು ಹೇಳಿದೆ. ಅದೇ ಮಧ್ಯಾಹ್ನ ಸಾಲಿನ ಇನ್ನೊಂದು ಅಂಗಡಿಯವರು ಬಂದು ಕೇಳಿದಾಗ ಸಾಹೇಬರು ಕಪಾಟಿನ ಎರಡು ಡಬ್ಬಿಗಳನ್ನು ಅವರಿಗೆ ಕೊಟ್ಟು ಕಳಿಸಿದ್ದರಂತೆ, ಮೇಲೆ ಹೇಗೂ ಹೆಚ್ಚಾಗಿವೆಯಲ್ಲ ಎಂದು. ಅದು ನನಗೆ ತಿಳಿದದ್ದು ಆಮೇಲೆ.

ವಾರ ಕಳೆಯಿತು. ಒಂದು ಸಂಜೆ, ಉಪವಾಸ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ, ಆ ಬೇಗಂ ಮಗಳನ್ನು ಕರೆದುಕೊಂಡು ಬಂದರು. ಅಂಗಡಿ ತುಂಬಿತ್ತು. ಉಪವಾಸವಿದ್ದವರೆಲ್ಲರ ತುಟಿ ಒಣಗಿತ್ತು. ಸಾಹೇಬರು ಅಟ್ಟದ ಕಡೆ ತಿರುಗಿ ಕೂಗಿದರು:

"ಶರಣಮ್ಮಾ, ಆ ಹಸಿರು ಡಬ್ಬ ಇಳಿಸಮ್ಮಾ."

"ಅವು ಹೆಚ್ಚ್ಯಾವಲ್ರಿ."

"ಹೌದಮ್ಮಾ, ಹೆಚ್ಚಿದಾವೆ. ಅದಕ್ಕೇ ತೆಗಿ ಅಂತಿರೋದು."

"ಹೆಚ್ಚ್ಯಾವ್ರಿ ಸಾಹೇಬ್ರ. ಎಲ್ಲಿಂದ ತೆಗೀಲಿ?"

"ಇದೇನ್ ತಮಾಷೆನಾ? ಇದ್ದಾವಾ ಇಲ್ವಾ?"

"ಇಲ್ರಿ. ಹೆಚ್ಚ್ಯಾವ."

ಸಾಲಾಗಿ ಕೂತಿದ್ದ ಹೆಂಗಸರು ನಕ್ಕರು. ಬೇಗಂ ನಗಲಿಲ್ಲ. ಅವರು ಸಾಹೇಬರನ್ನೇ ನೋಡುತ್ತ, ನಮ್ಮ ಬಳೆಯನ್ನು ಹಬ್ಬದ ರೇಟಿಗೆ ಬೇರೆಯವರಿಗೆ ಮಾರಿಕೊಂಡಿರಾ ಎಂದು ಕೇಳಿದರು. ಸಾಹೇಬರ ಮುಖ ಕೆಂಪಾಯಿತು. ಸೆಲ್ವಿಗೆ ಹೊಳೆಯಿತು.

"ಅಕ್ಕಾ, ಒಡೆದೋಯ್ತಾ? ಬಾಯಿಬಿಟ್ಟು ಹೇಳಕ್ಕಾ!"

ನಾನು ಕೆಳಗೆ ಇಳಿದು ನಿಂತಿದ್ದೆ. ಸಾಹೇಬರು ಗಲ್ಲಾ ಬಿಟ್ಟು ಎದ್ದರು.

"ಒಡೆದಿದ್ರೆ ಒಡೀತು ಅನ್ಬೇಕು! ಜಾಸ್ತಿ ಇದೆ ಅಂತ ಯಾಕೆ ಹೇಳ್ದೆ? ಈಗ ಇವ್ರ ಮುಂದೆ ನೀನೇ ಹೇಳು. ಒಡೆದೋಯ್ತು ಅಂತ ಬಾಯ್ಬಿಟ್ಟು ಹೇಳು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಬೇಗಂ ಪಕ್ಕದಲ್ಲಿ ಆ ಹುಡುಗಿ ಕೂತಿದ್ದಳು, ಬಳೆಗೆಂದು ಎರಡೂ ಕೈಗಳನ್ನು ಆಗಲೇ ಬಟ್ಟೆಯ ಮೇಲೆ ಇಟ್ಟುಕೊಂಡು. ಮದುವೆ ಇನ್ನೂ ಆಗಬೇಕಾದ ಹುಡುಗಿ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಕೆಲಸ ಉಳಿಯುತ್ತಿತ್ತೇನೋ. ಶಾಲೆ, ಕೋಣೆ, ಅಣ್ಣ, ಸಂಕ್ರಾಂತಿ ಎಲ್ಲ ತಲೆಯಲ್ಲಿ ಬಂದವು. ಹಟ ಮಾಡಿದೆ ಎಂದು ನೀವು ತಿಳಿಯಬೇಡಿ. ಹಟ ಮಾಡುವಷ್ಟು ಧೈರ್ಯ ನನಗಿರಲಿಲ್ಲ. ಆಡಬೇಕೆಂದೇ ಬಾಯಿ ತೆರೆದೆ. ಆ ಹುಡುಗಿಯ ಕೈ ನೋಡಿದೆ. ಮಾತು ಬರಲಿಲ್ಲ.

ಅಡಕೆ ಕತ್ತರಿಸುವ ಸದ್ದು ನಿಂತಿತು. ಹಿಂದಿನ ಕುರ್ಚಿಯಿಂದ ಬಡೀಮಾ ಮಗನನ್ನು ಕರೆದರು. ನಮ್ಮೂರಿನಲ್ಲಿ ದಖ್ನಿ ಮಾತಾಡುವವರು ಬಹಳ, ಹಾಗಾಗಿ ಅವರ ಮಾತು ನನಗೆ ಪೂರ್ತಿ ತಿಳಿಯುತ್ತಿತ್ತು.

"ಕಾಯ್ಕು ಚಿಲ್ಲಾತಾ ರೇ? ದುಲ್ಹನ್ ಕೇ ಸಾಮ್ನೇ ವೋ ಬಾತ್ ಬೋಲ್ತೇ ಕ್ಯಾ?" ಎಂದರು. ಯಾಕೆ ಕಿರುಚುತ್ತೀಯ, ಮದುವಣಗಿತ್ತಿಯ ಮುಂದೆ ಆ ಮಾತು ಆಡುತ್ತಾರೆಯೇ ಎಂದು. ಆಮೇಲೆ ಕೇಳಿದರು: "ರಾತ್ರಿ ಬೀಗ ಹಾಕುವಾಗ ದಿನಾ ಏನು ಕೂಗುತ್ತೀಯ ನೀನು?"

ಸಾಹೇಬರು ಬಾಗಿಲ ಕಡೆ ನೋಡಿದರು.

"ದುಕಾನ್ ಬಢಾವ್ ಬೋಲ್ತಾ ನೈ? ತೋ ಸುಬಹ್ ಕೋ ದುಕಾನ್ ಬಡೀ ಹೋ ಜಾತೀ ಕ್ಯಾ?"

ಅವರ ಮಾತಿನಲ್ಲಿ ಅಂಗಡಿ ಮುಚ್ಚು ಅನ್ನಬಾರದು. ಅಂಗಡಿ ಬೆಳೆಸು, ಹೆಚ್ಚಿಸು ಅನ್ನಬೇಕು. ಬಢಾವ್ ಅಂದರೆ ಅದೇ. ದಿನಾ ಅಂಗಡಿ ಹೆಚ್ಚಿಸು ಹೆಚ್ಚಿಸು ಅನ್ನುತ್ತೀಯಲ್ಲ, ಬೆಳಿಗ್ಗೆ ಬಂದು ನೋಡಿದರೆ ಅಂಗಡಿ ದೊಡ್ಡದಾಗಿರುತ್ತದೆಯೇ ಎಂದು ಅವರು ಕೇಳಿದ್ದು. ಬಳೆಗೂ ನಮ್ಮ ಅಜ್ಜಿಯರು ಹಾಗೇ ಅನ್ನುತ್ತಿದ್ದರು, ಈ ಹೆಂಗಸು ಅದನ್ನೇ ಕನ್ನಡದಲ್ಲಿ ಅಂದಿದ್ದಾಳೆ, ನೀನು ವ್ಯಾಪಾರಿ ಮಗ, ನಿನಗೆ ತಿಳಿಯಲಿಲ್ಲ ಎಂದು ಮತ್ತೆ ಅಡಕೆ ಕೈಗೆ ತೆಗೆದುಕೊಂಡರು. ಮೊದಲು ನಕ್ಕವರು ಬೇಗಂ. ತಮ್ಮ ಅತ್ತೆ ದೀಪ ಆರಿಸುವುದಕ್ಕೂ ಹಾಗೇ ಅನ್ನುತ್ತಿದ್ದರೆಂದು ಹೇಳಿದರು. ಸಾಹೇಬರು ನಗಲಿಲ್ಲ. ಗಲ್ಲಾದ ಹಿಂದೆ ಕೂತು, ಇದ್ದ ದುಡ್ಡನ್ನೇ ಸುಮ್ಮನೆ ಜೋಡಿಸಿದರು.

ಅಷ್ಟರಲ್ಲಿ ಮಸೀದಿಯ ಕರೆ ಆಯಿತು. ಉಪವಾಸವಿದ್ದ ಕೈ ಕಡೆಯ ಹೆಂಗಸರು ಎದ್ದು ಒಳಗೆ ಹೋದರು. ಬೇಗಂ ಅವರಿಗೂ ಬಡೀಮಾ ತಮ್ಮ ಪಕ್ಕದಲ್ಲೇ ಖರ್ಜೂರ, ನೀರು ಕೊಡಿಸಿದರು. ಸೆಲ್ವಿಯ ಮುಂದೆ ಕ್ರಿಸ್‌ಮಸ್ಸಿನ ಗಿರಾಕಿಗಳು ಮೂರು ಜನ ಕೈ ಚಾಚಿ ಕೂತಿದ್ದರು. ಮದುವಣಗಿತ್ತಿ ಬೇಗಬೇಗ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಬೇರೆ ಡಬ್ಬಿಯನ್ನು ತಾನೇ ಎಳೆದಳು. ಅದೂ ಹಸಿರೇ, ಗೆರೆಯ ಬದಲು ಚುಕ್ಕಿ ಇದ್ದದ್ದು. ತಾನಾಗಿ ತೊಟ್ಟುಕೊಳ್ಳಲು ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ನನಗೆ ನೋಡಿಕೊಂಡಿರಲು ಆಗಲಿಲ್ಲ. ಅವಳ ಮುಂದೆ ಕೂತೆ, ಕೈ ತೆಗೆದುಕೊಂಡೆ.

ಬಳೆಯನ್ನು ಕೈಯೊಳಗೆ ತಳ್ಳಬಾರದು, ಕೈಯನ್ನು ಬಳೆಯೊಳಗೆ ಇಳಿಸಬೇಕು. ಹೆಬ್ಬೆರಳನ್ನು ಅಂಗೈಗೆ ಮಡಚಿಸಿ, ಗೆಣ್ಣುಗಳನ್ನು ಒತ್ತಿ ಒತ್ತಿ ಹತ್ತಿರ ತಂದು, ಹುಡುಗಿಯ ಗಮನ ಬೇರೆ ಕಡೆ ಹೋದ ಗಳಿಗೆಯಲ್ಲಿ ತಿರುಗಿಸಿ ಬಿಡಬೇಕು. ಇದನ್ನು ನಾನು ಏಣಿಯ ಮೇಲಿಂದ ಶ್ರಾವಣದಿಂದಲೂ ನೋಡುತ್ತಿದ್ದೆ. ನೋಡಿದ್ದು ಬೇರೆ, ಮಾಡುವುದು ಬೇರೆ. ಮೊದಲನೆಯದಕ್ಕೆ ನನ್ನ ಹಣೆ ಬೆವರಿತು. ನಾಲ್ಕನೆಯದರಿಂದ ಕೈಗೆ ದಾರಿ ತಿಳಿಯಿತು. ಒಂದೂ ಹೆಚ್ಚಲಿಲ್ಲ. ಎರಡೂ ಕೈ ಮುಗಿಸಿ ತಲೆ ಎತ್ತಿದಾಗ ಅವಳು ಕೈಗಳನ್ನು ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮಣಿಕಟ್ಟು ಅಲ್ಲಾಡಿಸಿ ಸದ್ದು ಕೇಳುತ್ತಿದ್ದಳು. ಹಿಂದೆಯೇ ಇನ್ನೊಬ್ಬಳು ಬಂದು ಅವಳ ಜಾಗದಲ್ಲಿ ಕೂತು ನನ್ನ ಮುಂದೆ ಕೈ ಚಾಚಿದಳು, ಅವಳ ಹಿಂದೆ ಮತ್ತೊಬ್ಬಳು. ಬಳೆ ಕೊಳ್ಳುವವಳು ಅಂಗಡಿಯವಳ ಕೈ ನೋಡುವುದಿಲ್ಲ, ತನ್ನ ಕೈಯನ್ನೇ ನೋಡುತ್ತಾಳೆ. ಸಾಹೇಬರು ಇಷ್ಟು ವರ್ಷ ಗಲ್ಲಾದ ಹಿಂದೆ ಕೂತಿದ್ದರಿಂದ ಇದು ಅವರಿಗೆ ಕಂಡಿರಲಿಲ್ಲ. ಎಲ್ಲರೂ ಹಾಗೇ ಎಂದು ಹೇಳಲಾರೆ. ಮುಂದಿನ ವರ್ಷ ಗೌರಿ ಹಬ್ಬಕ್ಕೆ ಬಂದ ಒಬ್ಬರು ನನ್ನ ಬರಿಗೈ ಕಂಡು ಸೆಲ್ವಿಯ ಕಡೆ ಸರಿದು ಕೂತರು. ಅವರಿಗೆ ಬೇಕಾದ ಡಬ್ಬಿಯನ್ನು ನಾನೇ ಆ ಕಡೆ ಸರಿಸಿದೆ. ಅದರಿಂದ ನನಗೆ ಅಂಥ ನೋವೇನೂ ಆಗಲಿಲ್ಲ.

ಮರುದಿನ ನಾನು ಎಂದಿನಂತೆ ಸೆರಗು ಸಿಕ್ಕಿಸಿ ಏಣಿಯ ಕಡೆ ಹೋದೆ. ಸಾಹೇಬರು ಪುಸ್ತಕದಿಂದ ಕಣ್ಣೆತ್ತದೆ ಕರೆದರು.

"ಅಲ್ಲೇನಮ್ಮಾ ಕೆಲ್ಸ? ಇಲ್ಲಿ ಕೂತ್ಕೋ, ಸೆಲ್ವಿ ಪಕ್ಕ."

ಕೂತೆ. ಸ್ವಲ್ಪ ಹೊತ್ತು ಬಟ್ಟೆ ಸರಿಮಾಡಿದೆ, ಡಬ್ಬಿಗಳನ್ನು ಅಳತೆಗೆ ತಕ್ಕಂತೆ ಜೋಡಿಸಿದೆ. ಆಮೇಲೆ ಎದ್ದು ಹೋಗಿ ಗಲ್ಲಾದ ಮುಂದೆ ನಿಂತೆ. ಆ ಅಂಗಡಿಯಲ್ಲಿ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಜೀವನದಲ್ಲೇ ಮೊದಲನೆಯದೋ ಏನೋ.

"ಹಬ್ಬ ಮುಗಿದ ಮ್ಯಾಲೂನೂ ಏನ್ರಿ, ಸಾಹೇಬ್ರ?"

ಅವರು ಹೊರಗೆ ರಸ್ತೆ ನೋಡಿದರು. ನಕ್ಷತ್ರದ ಕಾಗದದ ದೀಪ ಮಾರುವವನು ಒಂದು ಕಡೆ, ಟೋಪಿ ಅತ್ತರು ಮಾರುವವನು ಇನ್ನೊಂದು ಕಡೆ, ನಡುವೆ ಸಂಕ್ರಾಂತಿಯ ಎಳ್ಳು ಆಗಲೇ ಗಾಡಿಗೆ ಬಂದಿತ್ತು.

"ಶಿವಾಜಿನಗರದಲ್ಲಿ ಹಬ್ಬ ಮುಗಿಯೋದು ಎಲ್ಲಾದ್ರೂ ನೋಡಿದ್ಯೇನಮ್ಮಾ?"

ಆ ಭಾನುವಾರ ನಿಮ್ಮ ಅಮ್ಮನ ಕೈ ಹಿಡಿದು ಎಸ್‌ಟಿಡಿ ಬೂತಿಗೆ ಹೋದೆ. ಊರಿನಲ್ಲಿ ಫೋನ್ ಇದ್ದದ್ದು ಒಂದು ಕಿರಾಣಿ ಅಂಗಡಿಯಲ್ಲಿ. ಅವರು ಅಣ್ಣನನ್ನು ಕರೆಸುವವರೆಗೆ ಬೂತಿನ ಹೊರಗೆ ಕಾದು, ಮತ್ತೆ ಫೋನ್ ಹಚ್ಚಿದೆವು. ನಿಮ್ಮ ಅಮ್ಮ ನನ್ನ ಸೆರಗು ಹಿಡಿದುಕೊಂಡು ಗಾಜಿಗೆ ಮೂಗು ಒತ್ತಿ ನಿಂತಿದ್ದಳು.

"ಅಣ್ಣಾ, ಸಂಕ್ರಾಂತಿಗಿ ನೀ ಬರಬ್ಯಾಡ."

"ಯಾಕವ್ವಾ? ಏನಾಯ್ತು?"

"ಕೆಲಸ ಕಾಯಂ ಆಗ್ಯಾದ. ಹುಡುಗಿ ಇಲ್ಲೇ ಸಾಲಿ ಕಲೀತಾಳ."

ಆ ಕಡೆ ಕಿರಾಣಿ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದುದು ಕೇಳಿಸಿತು. ಒಲ್ಲೆ ಅನ್ನಬಾರದು ಎಂದು ಅವನು ಹೇಳಿದ್ದನ್ನು ನಾನು ಮೀರಿದ ಹಾಗಾಯಿತೇನೋ ಎಂದು ಹೆದರಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹಂಗಾರ, ಜ್ವಾಳ ಕಳಸ್ಲೇನು?" ಅಂದ ಅಣ್ಣ.

"ಕಳಸು" ಅಂದೆ.